ಅಡುಗೆಮನೆ ಕಿಟಕಿಗೆ ಬಂದ ಆನೆ: ಏಳು ವರ್ಷದ ಹುಡುಗಿಯ ಕೆಟ್ಟ ಕನಸು

(ಹೆಸರು ಮತ್ತು ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ.)

ಸಿಂಚನಳಿಗೆ 7 ವರ್ಷ, ಎರಡನೇ ಕ್ಲಾಸು. ಊರು ಸಕಲೇಶಪುರದ ಕಡೆ. ಅಪ್ಪನಿಗೆ ಸ್ವಲ್ಪ ಕಾಫಿ ತೋಟ, ಸ್ವಲ್ಪ ಗದ್ದೆ. ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ, ಈಗಷ್ಟೇ ಮಾತು ಕಲಿಯುತ್ತಿರುವ ತಮ್ಮ.

ಒಂದೂವರೆ ತಿಂಗಳಿಂದ ವಾರದಲ್ಲಿ ನಾಲ್ಕೈದು ರಾತ್ರಿ ಕಿರುಚಿಕೊಂಡು ಏಳುತ್ತಾಳೆ ಅಂತ ಕರೆದುಕೊಂಡು ಬಂದಿದ್ದರು. ಕತ್ತಲಾದರೆ ಅಮ್ಮನನ್ನು ಬಿಟ್ಟು ಅಲ್ಲಾಡುತ್ತಿರಲಿಲ್ಲ. ಎಂದೋ ನಿಂತಿದ್ದ ಹಾಸಿಗೆಯಲ್ಲಿ ಉಚ್ಚೆ ಮಾಡಿಕೊಳ್ಳುವುದು ಮತ್ತೆ ಶುರುವಾಗಿತ್ತು. ಕ್ಲಾಸಲ್ಲಿ ತೂಕಡಿಸುತ್ತಾಳೆ ಅಂತ ಮಿಸ್ಸು ಡೈರಿಯಲ್ಲಿ ಬರೆದು ಕಳಿಸಿದ್ದರು.

ನಾನು ಮೊದಲು ಕೇಳಿದ್ದು ಹೊತ್ತಿನ ಬಗ್ಗೆ. ಎಷ್ಟು ಗಂಟೆಗೆ ಏಳುತ್ತಾಳೆ? "ಮೂರೂವರೆ, ನಾಲ್ಕು ಗಂಟೆ ಆಗಿರುತ್ತೆ ಮೇಡಂ" ಅಂದರು ಅಮ್ಮ. ಎದ್ದಾಗ ನಿಮ್ಮ ಗುರುತು ಹಿಡಿಯುತ್ತಾಳಾ? ಹಿಡಿಯುತ್ತಾಳೆ, ಬಂದು ತಬ್ಬಿಕೊಳ್ಳುತ್ತಾಳೆ. ಬೆಳಗ್ಗೆ ನೆನಪಿರುತ್ತಾ? ಇರುತ್ತೆ, ಆನೆ ಬಂತು ಅಂತಾಳೆ.

ಈ ಮೂರು ಉತ್ತರ ಸಿಕ್ಕರೆ ಅರ್ಧ ದಾರಿ ತಿಳಿದ ಹಾಗೆ. ಕನಸು ಜಾಸ್ತಿ ಬೀಳುವ ನಿದ್ದೆ ರಾತ್ರಿಯ ಎರಡನೇ ಅರ್ಧದಲ್ಲಿ, ಬೆಳಗಿನ ಜಾವದ ಕಡೆಗೆ ಹೆಚ್ಚು. ಕೆಟ್ಟ ಕನಸು ಕಂಡ ಮಗು ಪೂರ್ತಿ ಎಚ್ಚರವಾಗುತ್ತದೆ, ಅಮ್ಮ ಬೇಕು ಅನ್ನುತ್ತದೆ, ಕನಸನ್ನು ಹೇಳುತ್ತದೆ. ಇನ್ನೊಂದು ತರಹ ಇದೆ. ಮಲಗಿದ ಒಂದೆರಡು ಗಂಟೆಯೊಳಗೆ ಮಗು ಕಣ್ಣು ಬಿಟ್ಟುಕೊಂಡೇ ಚೀರುತ್ತದೆ, ಬೆವರುತ್ತದೆ, ಹತ್ತಿರ ಹೋದರೆ ತಳ್ಳುತ್ತದೆ, ಬೆಳಗ್ಗೆ ಕೇಳಿದರೆ ಏನೂ ಗೊತ್ತಿಲ್ಲ. ಅದು ಕನಸಲ್ಲ, ಗಾಢ ನಿದ್ದೆಯಿಂದ ಅರ್ಧಂಬರ್ಧ ಎಚ್ಚರವಾಗುವುದು. ಅಂಥ ಮಗುವನ್ನು ಅಲ್ಲಾಡಿಸಿ ಎಬ್ಬಿಸಲು ಹೋಗಬೇಡಿ. ಬೀಳದ ಹಾಗೆ, ತಗುಲಿಸಿಕೊಳ್ಳದ ಹಾಗೆ ಪಕ್ಕದಲ್ಲಿರಿ. ತಾನಾಗೇ ಮಲಗುತ್ತದೆ. ನೋಡುವವರಿಗೆ ಜೀವ ಹೋದ ಹಾಗಾಗುತ್ತದೆ ನಿಜ, ಆದರೆ ಮಗುವಿಗೆ ಅದರ ನೆನಪೂ ಉಳಿಯುವುದಿಲ್ಲ.

ಗೊರಕೆ ಹೊಡೆಯುತ್ತಾಳಾ, ಜ್ವರ ಬಂದಿತ್ತಾ, ಯಾವ ಔಷಧಿ ಕೊಡುತ್ತಿದ್ದೀರಿ ಅಂತಲೂ ಕೇಳಿದೆ. ಇದನ್ನು ಎಲ್ಲ ತಂದೆತಾಯಿಗೂ ಕೇಳುತ್ತೇನೆ. ಉಬ್ಬಸಕ್ಕೆ, ಅಲರ್ಜಿ ನೆಗಡಿಗೆ ಕೊಡುವ ಮಾಂಟೆಲುಕಾಸ್ಟ್ ಕೆಲವು ಮಕ್ಕಳಲ್ಲಿ ಕೆಟ್ಟ ಕನಸು ತರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಬಗ್ಗೆ ತನ್ನ ಅತಿ ಗಂಭೀರ ಎಚ್ಚರಿಕೆಯನ್ನೇ ಔಷಧಿಯ ಮೇಲೆ ಹಾಕಿಸಿತು. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರಿಗೆ ಹೇಳಿ. ಸಿಂಚನಳ ವಿಷಯದಲ್ಲಿ ಇವು ಯಾವುದೂ ಇರಲಿಲ್ಲ.

ನಿದ್ದೆ ಮಾತ್ರ ಕಮ್ಮಿ ಇತ್ತು. ಮಲಗುವುದು ಹತ್ತೂವರೆಗೆ, ಅಲ್ಲಿತನಕ ಅಪ್ಪನ ಮೊಬೈಲು. ಸ್ಕೂಲ್ ವ್ಯಾನಿಗೆ ಆರಕ್ಕೆಲ್ಲ ಏಳಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಇವಳಿಗೆ ಸಿಗುತ್ತಿದ್ದದ್ದು ಏಳೂವರೆ ಗಂಟೆ, ಅದರಲ್ಲೂ ನಡುವೆ ಎಚ್ಚರ.

ಅಜ್ಜಿ ಆಗಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ದರು. ದಿಂಬಿನ ಕೆಳಗೆ ಕತ್ತರಿ ಇಟ್ಟಿದ್ದರು. ಯಾರದೋ ಹತ್ತಿರ ತಾಯತ ಕಟ್ಟಿಸಿದ್ದರು. "ತಪ್ಪಾಯ್ತೇನಮ್ಮ?" ಅಂತ ನನ್ನನ್ನು ಕೇಳಿದರು. ತಪ್ಪಲ್ಲ ಅಜ್ಜಿ ಅಂದೆ. ತಾಯತ ಇರಲಿ, ನಿಮ್ಮ ಕೈ ಅವಳ ತಲೆ ಮೇಲೆ ಇದ್ದರೆ ಅವಳಿಗೆ ಧೈರ್ಯ ಬರುತ್ತೆ. ಕತ್ತರಿ ಮಾತ್ರ ತೆಗೆದುಬಿಡಿ, ನಿದ್ದೆಗಣ್ಣಲ್ಲಿ ಚುಚ್ಚಿಕೊಂಡಾಳು. "ಮಗುವಿಗೆ ಏನೋ ಮೆಟ್ಟಿಕೊಂಡಿದೆ" ಅನ್ನುವ ಮಾತು ಅವಳ ಕಿವಿಗೆ ಬೀಳಬಾರದು. ಹಾಗೆ ಕೇಳಿಸಿಕೊಂಡ ಮಗುವಿಗೆ ಹೊರಗಿನ ಆನೆಯ ಜೊತೆಗೆ ತನ್ನೊಳಗೂ ಏನೋ ಇದೆ ಅನ್ನುವ ಹೆದರಿಕೆ ಸೇರಿಕೊಳ್ಳುತ್ತದೆ. ಕೆಲವು ಕಡೆ ಬೆಚ್ಚುವ ಮಕ್ಕಳಿಗೆ ಬರೆ ಹಾಕಿಸುವುದು ಇನ್ನೂ ಇದೆ. ಅದು ಮಗುವಿಗೆ ಮಾಡುವ ಹಿಂಸೆ. ಯಾರು ಹೇಳಿದರೂ ಒಪ್ಪಬೇಡಿ.

ಆಮೇಲೆ ಸಿಂಚನಳ ಜೊತೆ ನೆಲದ ಮೇಲೆ ಕೂತೆ. ಕನಸಿನ ಬಗ್ಗೆ ಬಾಯಿಬಿಟ್ಟು ಹೇಳು ಅಂದರೆ ಈ ವಯಸ್ಸಿನ ಮಕ್ಕಳು ಎರಡು ಮಾತಲ್ಲಿ ಮುಗಿಸುತ್ತಾರೆ. ಪೆನ್ಸಿಲು ಕೊಟ್ಟರೆ ಬೇರೆಯೇ ವಿಷಯ ಬರುತ್ತದೆ. ಅವಳು ಮೊದಲು ಬರೆದದ್ದು ಅಡುಗೆಮನೆ ಕಿಟಕಿ. ಸರಳುಗಳನ್ನು ಒಂದೊಂದಾಗಿ ಎಣಿಸಿ ಗೆರೆ ಎಳೆದಳು. ಸರಳಿನ ನಡುವಿಂದ ಸೊಂಡಿಲು. ಒಳಗೆ ಅಕ್ಕಿ ಡ್ರಮ್ಮು, ಅಮ್ಮ, ಅಜ್ಜಿ, ತಮ್ಮ, ತಾನು.

"ಅಪ್ಪ ಎಲ್ಲಿ ಪುಟ್ಟಿ?"

ಪೆನ್ಸಿಲಿನ ತುದಿಯನ್ನು ಹಾಳೆ ಬಿಟ್ಟು ಆಚೆ, ನೆಲದ ಮೇಲೆ ಇಟ್ಟಳು. "ಪಂಪ್‌ಸೆಟ್ ಹತ್ರ. ಆನೆ ಅಪ್ಪನ್ನ ಹುಡುಕ್ತಿದೆ. ನಾನು ಕೂಗಿದ್ರೆ ಅಪ್ಪ ಎಲ್ಲಿದಾರೆ ಅಂತ ಅದಕ್ಕೆ ಗೊತ್ತಾಗ್ಬಿಡುತ್ತೆ."

ಮನೆಯವರೆಲ್ಲ ಅವಳು ಸೊಂಡಿಲಿಗೆ ಹೆದರುತ್ತಾಳೆ ಅಂದುಕೊಂಡಿದ್ದರು. ಅವಳು ಹೆದರಿದ್ದು ಅಪ್ಪನಿಗಾಗಿ.

ಆ ಹೆದರಿಕೆ ಎಲ್ಲಿಂದ ಬಂತು ಅಂತ ಹುಡುಕಲು ಕಷ್ಟಪಡಬೇಕಾಗಿರಲಿಲ್ಲ. 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಎಂಟು ದಸರಾಗಳಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ ಕಾಡಾನೆಯ ಜೊತೆ ಕಾದಾಡಿ ಸತ್ತ. ಅದರ ವಿಡಿಯೋ, ಫೋಟೋ ಎಲ್ಲರ ಮೊಬೈಲಿಗೂ ಬಂತು. ದೊಡ್ಡವರು ಕಣ್ಣೀರು ಹಾಕಿದ್ದನ್ನು ಇವಳೂ ನೋಡಿದ್ದಾಳೆ. ಅಷ್ಟು ದೊಡ್ಡ ಅರ್ಜುನನಿಗೇ ಹೀಗಾದರೆ ಅಪ್ಪನ ಗತಿ ಏನು ಅಂತ ಏಳು ವರ್ಷದ ತಲೆಯೂ ಲೆಕ್ಕ ಹಾಕುತ್ತದೆ. ಅಪ್ಪ ದಿನಾ ಬೆಳಕು ಹರಿಯುವ ಮುಂಚೆ ತೋಟಕ್ಕೆ ನೀರು ಬಿಡಲು ಒಬ್ಬರೇ ಹೋಗುತ್ತಿದ್ದರು. ಇದರ ಮೇಲೆ, ಊಟ ಮಾಡದಿದ್ದರೆ "ಆನೆ ಕರೀತೀನಿ ನೋಡು" ಅಂತ ಅಮ್ಮ ಹೆದರಿಸುವುದೂ ಇತ್ತು. ಬೇರೆ ಮನೆಗಳಲ್ಲಿ ಗುಮ್ಮ, ಪೊಲೀಸ್, ಇಂಜೆಕ್ಷನ್ ಇರುವ ಜಾಗದಲ್ಲಿ ಇವರ ಮನೆಯಲ್ಲಿ ಆನೆ. ಅವತ್ತಿಗೇ ಅದನ್ನು ನಿಲ್ಲಿಸಿ ಅಂದೆ.

ಮಗು ರಾತ್ರಿ ಎದ್ದಾಗ ಅಮ್ಮ ಹೇಳುತ್ತಿದ್ದದ್ದು, "ಆನೆ ಗೀನೆ ಏನೂ ಇಲ್ಲ, ಸುಮ್ನೆ ಮಲಕ್ಕೋ." ಪ್ರೀತಿಯಿಂದಲೇ ಹೇಳಿದ್ದು. ಆದರೆ ಬೆಳಗ್ಗೆ ಎದ್ದರೆ ಬೇಲಿ ಪಕ್ಕ ಲದ್ದಿ ಬಿದ್ದಿರುತ್ತೆ, ಬಾಳೆ ಮುರಿದಿರುತ್ತೆ. ಸಕಲೇಶಪುರ, ಆಲೂರು, ಬೇಲೂರಿನ ಮಕ್ಕಳಿಗೆ ಆನೆ ಇಲ್ಲ ಅಂದರೆ ನಂಬುತ್ತಾವಾ? ಒಂದು ಸಲ ಸುಳ್ಳು ಅಂತ ಗೊತ್ತಾದರೆ ನಾಳೆ ನಾವು ಹೇಳುವ ನಿಜಕ್ಕೂ ಬೆಲೆ ಇರುವುದಿಲ್ಲ. ಹಾಗಾಗಿ ಇಲ್ಲಿ ಎರಡು ಕೆಲಸ ಇತ್ತು. ಕನಸನ್ನು ಕನಸಿನಂತೆ ನೋಡಿಕೊಳ್ಳಬೇಕು, ನಿಜವಾದ ಅಪಾಯವನ್ನು ದೊಡ್ಡವರು ನಿಜವಾಗಿ ನಿಭಾಯಿಸಬೇಕು, ಅದು ಮಗುವಿನ ಕಣ್ಣಿಗೆ ಕಾಣಬೇಕು.

ಎರಡನೆಯದನ್ನು ಅಪ್ಪನಿಗೆ ವಹಿಸಿದೆ. ಅವರು ಕಮ್ಮಿ ಮಾತಿನ ಮನುಷ್ಯ, ಆದರೆ ಹೇಳಿದ್ದನ್ನು ಮಾಡಿದರು. ಬೆಳಕು ಹರಿದ ಮೇಲೇ ತೋಟಕ್ಕೆ ಹೊರಡುವುದು. ಹೊರಡುವ ಮುಂಚೆ ಆನೆಗಳು ಎಲ್ಲಿವೆ ಅಂತ ಅರಣ್ಯ ಇಲಾಖೆಯವರು ವಾಟ್ಸಾಪಿಗೆ ಹಾಕುವ ಮೆಸೇಜನ್ನು ಮಗಳ ಎದುರಿಗೇ ಓದುವುದು. ಪಕ್ಕದ ತೋಟದವರ ಜೊತೆ ಹೋಗುವುದು. ತಲುಪಿದ ಮೇಲೆ ಒಂದು ಫೋನು. "ನನ್ನನ್ನ ನೋಡ್ಕೊಳ್ಳೋದು ನನ್ನ ಕೆಲಸ, ನಿಂದಲ್ಲ ಮಗಳೇ" ಅಂತ ಒಂದು ಸಲ ಬಾಯಿಬಿಟ್ಟು ಹೇಳಿ ಅಂದಿದ್ದೆ. ಹೇಳಿದರಂತೆ.

ಕನಸಿನ ಕೆಲಸ ಸಿಂಚನಳದು. ಕೆಟ್ಟ ಕನಸನ್ನು ಹಗಲಲ್ಲಿ ನೆನೆದು, ಅದರ ಮುಂದಿನ ಕತೆಯನ್ನು ತನಗೆ ಬೇಕಾದಂತೆ ಬದಲಿಸಿ, ಹೊಸ ಕತೆಯನ್ನು ದಿನಾ ಮನಸ್ಸಿನಲ್ಲಿ ಓಡಿಸುವ ವಿಧಾನವೊಂದಿದೆ. ಬ್ಯಾರಿ ಕ್ರಾಕೋ ಎಂಬ ವೈದ್ಯರ ತಂಡ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಲ್ಲಿ ಇದನ್ನು ಪರೀಕ್ಷಿಸಿ, ಕೆಟ್ಟ ಕನಸುಗಳು ಕಮ್ಮಿಯಾದದ್ದನ್ನು 2001ರಲ್ಲಿ ಪ್ರಕಟಿಸಿತು. ಮಕ್ಕಳ ಜೊತೆ ಇದನ್ನೇ ಚಿತ್ರ ಬರೆಸಿ ಮಾಡುತ್ತೇವೆ. ಇಲ್ಲಿ ದೊಡ್ಡವರು ಬಾಯಿ ಹಾಕಬಾರದು. "ಆನೆ ಫ್ರೆಂಡ್ ಆಯ್ತು ಅಂತ ಬರಿ" ಅಂತ ಅಮ್ಮ ಹೇಳಲು ಹೊರಟರು, ತಡೆದೆ. ಬದಲಾವಣೆ ಮಗುವಿನದೇ ಆಗಿರಬೇಕು, ಇಲ್ಲದಿದ್ದರೆ ಅದು ಹೋಮ್‌ವರ್ಕ್ ಆಗುತ್ತದೆ.

ಸಿಂಚನ ತುಂಬಾ ಹೊತ್ತು ಯೋಚಿಸಿದಳು. ಆಮೇಲೆ ಮನೆ ಹಿಂದೆ ಅಜ್ಜಿಯನ್ನು ಬರೆದಳು. ಅಜ್ಜಿಯ ಕೈಯಲ್ಲಿ ಕೊಚ್ಚಿದ ಹಲಸಿನ ಹಣ್ಣು. ಆ ವಾಸನೆಗೆ ಆನೆ ಕಿಟಕಿ ಬಿಟ್ಟು ಹಿಂದಕ್ಕೆ ಹೋಗುತ್ತದೆ, ಅದು ತಿನ್ನುತ್ತಿರುವಾಗ ಅಪ್ಪ ಟಾರ್ಚ್ ಹಿಡಿದು ಮುಂಬಾಗಿಲಿಂದ ಒಳಗೆ ಬರುತ್ತಾರೆ, ಅಮ್ಮ ಚಿಲಕ ಹಾಕುತ್ತಾರೆ. ಈ ಸಲ ಅಪ್ಪ ಹಾಳೆಯ ಒಳಗೇ ಇದ್ದರು. ಬರೆದು ಮುಗಿಸಿ ನನಗೇ ಎಚ್ಚರಿಕೆ ಕೊಟ್ಟಳು: "ಇದು ಕನಸಿಗೆ ಮಾತ್ರ ಮಿಸ್. ನಿಜವಾಗ್ಲೂ ಹಲಸಿನ ಹಣ್ಣು ಮನೆ ಹತ್ರ ಇಡಬಾರದು, ವಾಸನೆಗೆ ಆನೆ ಬರುತ್ತೆ." ಕನಸು ಯಾವುದು, ನಿಜ ಯಾವುದು ಅಂತ ಅವಳಿಗೆ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದು ಕಂಡು ನನಗೆ ತುಂಬಾ ಸಂತೋಷವಾಯಿತು.

ದಿನಾ ಸಂಜೆ, ದೀಪ ಹಚ್ಚಿದ ಮೇಲೆ, ಹತ್ತು ನಿಮಿಷ ಆ ಚಿತ್ರ ಹಿಡಿದು ಹೊಸ ಕತೆಯನ್ನು ಅಜ್ಜಿಗೆ ಹೇಳಬೇಕು ಅಂದೆ. ಮಲಗುವ ಹೊತ್ತಿನಲ್ಲಿ ಬೇಡ, ಹಳೇ ಕನಸನ್ನು ಮತ್ತೆ ಮತ್ತೆ ಹೇಳಿಸುವುದೂ ಬೇಡ.

ರಾತ್ರಿಗೆ ಅಮ್ಮನಿಗೆ ಹೇಳಿದ್ದು ಸ್ವಲ್ಪವೇ. ಎಂಟೂಕಾಲಿಗೆ ಮೊಬೈಲ್ ಬಂದ್, ಒಂಬತ್ತಕ್ಕೆ ಹಾಸಿಗೆ. ಎದ್ದು ಅತ್ತರೆ ತಕ್ಷಣ ಹತ್ತಿರ ಹೋಗಿ. "ಕೆಟ್ಟ ಕನಸು ಬಿತ್ತು, ಈಗ ಮನೆಯಲ್ಲಿದ್ದೀಯ, ನಾನಿದ್ದೀನಿ" ಅನ್ನಿ. ಬೆನ್ನು ಸವರಿ, ನೀರು ಕೊಡಿ. ದೊಡ್ಡ ಲೈಟು, ಟಿವಿ ಹಾಕಬೇಡಿ. ಏನು ಕಂಡೆ ಅಂತ ಆಗಲೇ ಕೆದಕಬೇಡಿ, ಹಗಲಲ್ಲಿ ಕೇಳೋಣ. ಹಾಸಿಗೆ ಒದ್ದೆಯಾದರೆ ಬೈಯದೆ ಬಟ್ಟೆ ಬದಲಿಸಿ. ಮಲೆನಾಡಲ್ಲಿ ಕರೆಂಟು ನಂಬುವ ಹಾಗಿಲ್ಲ, ಆದ್ದರಿಂದ ದಿಂಬಿನ ಪಕ್ಕ ಅವಳದೇ ಒಂದು ಸಣ್ಣ ಟಾರ್ಚ್. ಅಜ್ಜಿ ಪಕ್ಕ ಮಲಗುವುದನ್ನು ಬಿಡಿಸಬೇಕಾ ಅಂತ ಕೇಳಿದರು. ಯಾಕೆ ಬಿಡಿಸಬೇಕು? ನಮ್ಮ ಮನೆಗಳಲ್ಲಿ ಮಕ್ಕಳು ಅಜ್ಜಿ ಪಕ್ಕ ಮಲಗಿಯೇ ಬೆಳೆದಿದ್ದಾರೆ. ಹೆದರಿದ ಮಗುವನ್ನು ಒಂಟಿಯಾಗಿ ಮಲಗಿಸಿದರೆ ಧೈರ್ಯ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಮೂರನೇ ವಾರದ ಹೊತ್ತಿಗೆ ವಾರಕ್ಕೆ ಒಂದು ರಾತ್ರಿಗೆ ಇಳಿಯಿತು. ಹಾಸಿಗೆ ಒದ್ದೆಯಾಗುವುದು ನಿಂತಿತು. ಕನಸಲ್ಲಿ ಆನೆ ಆಮೇಲೂ ಬಂತು, ಆದರೆ ಅವಳು ಅಪ್ಪನನ್ನು ಜೋರಾಗಿ ಕೂಗಿದಳಂತೆ.

ಎಲ್ಲ ಮಕ್ಕಳಿಗೂ ಇಷ್ಟೇ ಸಾಕಾಗುವುದಿಲ್ಲ. ಒಂದೇ ತರಹದ ಅಲುಗಾಟ, ಸೆಟೆದುಕೊಳ್ಳುವುದು ಒಂದೇ ರಾತ್ರಿ ಹಲವು ಸಲ ಆದರೆ ಫಿಟ್ಸ್ ಇರಬಹುದು, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ಮಕ್ಕಳ ಡಾಕ್ಟರಿಗೆ ತೋರಿಸಿ. ಜೋರು ಗೊರಕೆ, ಉಸಿರು ಕಟ್ಟುವುದು ಇದ್ದರೂ ತೋರಿಸಿ. ಅಪಘಾತ, ಸಾವು, ಹೊಡೆತ ಕಂಡ ಮಗುವಿಗೆ ತಿಂಗಳು ಕಳೆದರೂ ಕನಸು ಬಿಡದಿದ್ದರೆ ಕಾಯಬೇಡಿ. ಕನಸಲ್ಲಿ ಒಬ್ಬ ನಿರ್ದಿಷ್ಟ ಮನುಷ್ಯ ಬರುತ್ತಿದ್ದರೆ, ಎಚ್ಚರವಿದ್ದಾಗಲೂ ಮಗು ಅವನ ಹತ್ತಿರ ಹೋಗಲು ಒಲ್ಲೆ ಅಂದರೆ, ಮಗುವನ್ನು ಗದರಿಸದೆ ಕೇಳಿಸಿಕೊಳ್ಳಿ, ನಂಬಿ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ.

ಸಿಂಚನಳ ಮನೆಯವರಿಗೆ ಕೊನೆಯ ಭೇಟಿಯಲ್ಲಿ ಇನ್ನೊಂದು ಮಾತು ಹೇಳಿ ಕಳಿಸಿದೆ. ಭತ್ತ ಬಲಿಯುವ ಕಾಲಕ್ಕೆ ಆನೆಗಳು ಮತ್ತೆ ಗದ್ದೆಗೆ ಇಳಿಯುತ್ತವೆ, ಆಗ ಕನಸೂ ವಾಪಸ್ ಬರಬಹುದು. ಗಾಬರಿಯಾಗಬೇಡಿ. ಅವಳ ಚಿತ್ರ ತೆಗೆದು ಸಂಜೆಯ ಹತ್ತು ನಿಮಿಷ ಮತ್ತೆ ಶುರು ಮಾಡಿ. ಎರಡು ವಾರದಲ್ಲಿ ಕಮ್ಮಿಯಾಗದಿದ್ದರೆ ನನಗೆ ಫೋನ್ ಮಾಡಿ.