ಮಕ್ಕಳ ಪತ್ತೇದಾರಿ ಕಥೆಗೆ ಯಾವ ಪ್ರಾಣಿ ಒಳ್ಳೆಯದು: ನಾಯಿಯಾ, ಬೆಕ್ಕಾ, ಗೂಬೆಯಾ?

ನಾನು ಮಕ್ಕಳಿಗೆ ಬರೆಯೋಕೆ ಶುರು ಮಾಡಿದಾಗ ಇದೇ ಪ್ರಶ್ನೆ ಹಿಡಿದು ಕೂತಿದ್ದೆ. ನಾಯಿ, ಬೆಕ್ಕು, ಗೂಬೆ ಮೂರನ್ನೂ ಅಳೆದು ಸುರಿದು ಕೊನೆಗೆ ನಾಯಿಯನ್ನು ಆರಿಸಿಕೊಂಡೆ. ಇಡೀ ಪುಸ್ತಕ ಕೈಬಿಡಬೇಕಾಯಿತು.

ಕಥೆ ಹೀಗಿತ್ತು. ಕೆರೆ ದಂಡೆಯ ಗೂಡಿನಿಂದ ಬಾತುಕೋಳಿಯ ಮೊಟ್ಟೆ ಕಾಣೆಯಾಗುತ್ತದೆ. ಹಾವು, ಕಾಗೆ, ಮುಂಗುಸಿ, ಈ ಮೂವರ ಮೇಲೆ ಅನುಮಾನ. ನಾಯಿ ಒಬ್ಬೊಬ್ಬರನ್ನೇ ವಿಚಾರಿಸುತ್ತದೆ, ರಾತ್ರಿಯೆಲ್ಲ ಕಾವಲು ಕೂರುತ್ತದೆ. ಕೊನೆಯ ಅಧ್ಯಾಯದಲ್ಲಿ ಮುಂಗುಸಿಯ ಬಿಲದ ಮುಂದೆ ನಿಂತು ಮೂಗು ಅರಳಿಸಿ, "ಮೊಟ್ಟೆಯ ವಾಸನೆ! ಕಳ್ಳ ನೀನೇ!" ಅನ್ನುತ್ತದೆ. ನಾಯಿಯ ಮೂಗಿನ ಬಗ್ಗೆ ತುಂಬಾ ಓದಿಕೊಂಡೇ ಬರೆದಿದ್ದೆ. ವಾಸನೆ ಹಿಡಿಯುವ ಗ್ರಾಹಕಗಳು ನಮ್ಮ ಮೂಗಿನಲ್ಲಿ ಲಕ್ಷಗಳ ಲೆಕ್ಕದಲ್ಲಿದ್ದರೆ ನಾಯಿಯ ಮೂಗಿನಲ್ಲಿ ಕೋಟಿಗಳ ಲೆಕ್ಕದಲ್ಲಿವೆ. ಇಂಥ ಮೂಗು ಇರುವಾಗ ಇದಕ್ಕಿಂತ ಒಳ್ಳೆಯ ಪತ್ತೇದಾರ ಯಾರು ಅಂದುಕೊಂಡೆ.

ಮಕ್ಕಳಿಗೆ ಓದಿ ಹೇಳಿದಾಗ ಒಬ್ಬಳು ಹುಡುಗಿ ಕೇಳಿದಳು: "ಹಾಗಾದ್ರೆ ಮೊದಲನೇ ದಿನವೇ ಮೂಸಬಹುದಿತ್ತಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟೊತ್ತಿಗೆ ಚಿತ್ರಗಳೂ ಅರ್ಧ ಮುಗಿದಿದ್ದವು. ಚಿತ್ರ ಬರೆಯುತ್ತಿದ್ದ ಗೆಳತಿಯ ತಿಂಗಳುಗಟ್ಟಲೆ ಶ್ರಮ ದಂಡವಾಯಿತು. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎಲ್ಲಿ ಎಡವಿದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಾಸನೆ ಕಾಗದದ ಮೇಲೆ ಬರುವುದಿಲ್ಲ. ನಾಯಿ ಮೂಸಿದ್ದು ಓದುವ ಮಗುವಿನ ಮೂಗಿಗೆ ತಲುಪುವುದಿಲ್ಲ. ಅಂದರೆ ಕಳ್ಳನನ್ನು ಹಿಡಿಯೋಕೆ ಬೇಕಾದ ಒಂದೇ ಒಂದು ಸುಳಿವು ನಾಯಿಯ ಹತ್ತಿರ ಮಾತ್ರ ಇತ್ತು. ಮಗು ಅಷ್ಟು ಪುಟ ಓದಿದ್ದು ಸುಮ್ನೆ. ಕಾವಲು ಕೂತಿದ್ದು, ವಿಚಾರಿಸಿದ್ದು ಎಲ್ಲವೂ ಪುಟ ತುಂಬಿಸೋಕೆ ಮಾತ್ರ ಬಂದಿತ್ತು. ಅವನ್ನೆಲ್ಲ ಕಿತ್ತು ಹಾಕಿದರೂ ಕೊನೆಯ ಅಧ್ಯಾಯ ಹಾಗೇ ನಿಲ್ಲುತ್ತಿತ್ತು. ಆ ಹುಡುಗಿ ಹಿಡಿದದ್ದು ಇದನ್ನೇ. ದೊಡ್ಡವರ ಪತ್ತೇದಾರಿ ಕಥೆಗಳಿಗೆ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲೇ ಹತ್ತು ನಿಯಮ ಬರೆದಿಟ್ಟಿದ್ದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಅನ್ನುವುದು ಅವುಗಳಲ್ಲಿ ಒಂದು. ಮಕ್ಕಳ ಕಥೆ ತಾನೇ, ಇಷ್ಟೆಲ್ಲ ಯಾಕೆ ಅಂತ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಮಕ್ಕಳು ದೊಡ್ಡವರಿಗಿಂತ ಬಿಗಿಯಾಗಿ ಲೆಕ್ಕ ಕೇಳುತ್ತಾರೆ.

ಈಗ ಅದೇ ಕಥೆಯನ್ನು ಬರೆದರೆ ಮೂಗು ಕಳ್ಳನ ಹೆಸರು ಹೇಳುವುದಿಲ್ಲ, ವಾಸನೆಯನ್ನು ಮಾತ್ರ ವರ್ಣಿಸುತ್ತದೆ. ಮೊದಲ ಅಧ್ಯಾಯದಲ್ಲೇ ಖಾಲಿ ಗೂಡನ್ನು ಮೂಸಿ ನಾಯಿ ಹೇಳುತ್ತದೆ: "ಎರಡು ವಾಸನೆ ಇದೆ. ಒಂದು ಕೆಸರು, ಅದು ಬಾತುಕೋಳಿಯದ್ದು. ಇನ್ನೊಂದು ಸುಟ್ಟ ಎಲೆಯ ಬೂದಿ." ಅಲ್ಲಿಗೆ ನಿಲ್ಲಿಸುತ್ತೇನೆ. ಆಮೇಲೆ ಮೂವರ ವಿಚಾರಣೆ. ಹಾವು ಸಿಡುಕುತ್ತದೆ, ಕಾಗೆ ಬೇಕಾದ್ದಕ್ಕಿಂತ ಜಾಸ್ತಿ ಮಾತಾಡುತ್ತದೆ. ಮುಂಗುಸಿ ನಯವಾಗಿ ಉತ್ತರಿಸುತ್ತಲೇ ಹಿಂಗಾಲು ಕೊಡವಿಕೊಳ್ಳುತ್ತದೆ. ನೆಲದ ಮೇಲೆ ಬೂದು ಪುಡಿ ಉದುರುತ್ತದೆ. ನಾಯಿಯೂ ಏನೂ ಅನ್ನುವುದಿಲ್ಲ, ನಾನೂ ಏನೂ ಅನ್ನುವುದಿಲ್ಲ. ಕೇಳುತ್ತಿರುವ ಮಕ್ಕಳಲ್ಲಿ ಒಬ್ಬರಾದರೂ ತಟ್ಟನೆ ತಲೆ ಎತ್ತಬೇಕು.

ಹಾಗಾಗಿ ನೀವು ಪ್ರಾಣಿಯಿಂದ ಶುರು ಮಾಡುತ್ತಿರುವುದೇ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಏನು ಕಳವಾಯಿತು, ಯಾಕೆ ಕಳವಾಯಿತು, ಯಾವ ಸುಳಿವು ಉಳಿಯಿತು ಅಂತ ಗೊತ್ತಾಗಲಿ. ಆಮೇಲೆ ಆ ಸುಳಿವನ್ನು ಅರ್ಧ ಮಾತ್ರ ಹಿಡಿಯಬಲ್ಲ ಪ್ರಾಣಿಯನ್ನು ಹುಡುಕಿ. ಪೂರ್ತಿ ಹಿಡಿಯಬಲ್ಲ ಪ್ರಾಣಿಯಿಂದ ಕಥೆ ಹುಟ್ಟುವುದಿಲ್ಲ.

ಪ್ರಾಣಿಯ ಶಕ್ತಿಗಿಂತ ಅದರ ಕೊರತೆ ಕಥೆಗೆ ಹೆಚ್ಚು ಕೆಲಸ ಮಾಡುತ್ತದೆ. ನಾಯಿಗೆ ನೀಲಿ, ಹಳದಿ ಕಾಣುತ್ತದೆ. ಕೆಂಪು, ಹಸಿರುಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಗಿಳಿ "ಕೆಂಪು ಬಟ್ಟೆ ನೋಡಿದೆ" ಅನ್ನುತ್ತದೆ, ನಾಯಿ "ಮಾಸಲು ಕಂದು" ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಗೂಬೆಯ ಕಣ್ಣುಗುಡ್ಡೆ ಅಲುಗಾಡುವುದಿಲ್ಲ, ಪಕ್ಕಕ್ಕೆ ನೋಡಬೇಕಾದರೆ ಕತ್ತನ್ನೇ ತಿರುಗಿಸಬೇಕು. ಅದು ಕದ್ದು ನೋಡಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಬೆಕ್ಕಿನದ್ದು ನನಗೆ ಎಲ್ಲಕ್ಕಿಂತ ಇಷ್ಟ. ಬೆಕ್ಕಿಗೆ ಸಿಹಿ ರುಚಿಯೇ ತಿಳಿಯುವುದಿಲ್ಲ. ಆ ರುಚಿಗೆ ಬೇಕಾದ ಒಂದು ಜೀನ್ ಅದರಲ್ಲಿ ಕೆಟ್ಟು ಕೂತಿದೆ. ಜೇನು ಕದ್ದ ಆರೋಪ ಬೆಕ್ಕಿನ ಮೇಲೆ ಬಂತು ಅಂದುಕೊಳ್ಳಿ. ಮೊದಲ ಪುಟದಲ್ಲೇ ಅದು ಸಿಹಿ ತಿಂಡಿಯನ್ನು ಮೂಸಿ, ತಿನ್ನದೆ ದಾಟಿ ಹೋಗಿದ್ದನ್ನು ತೋರಿಸಿದ್ದರೆ, ಅದನ್ನು ಬಿಡಿಸುವುದು ಓದುವ ಮಗುವೇ.

ಕಾನನ್ ಡಾಯ್ಲ್ 1892ರಲ್ಲಿ ಬರೆದ 'ಸಿಲ್ವರ್ ಬ್ಲೇಜ್' ಕಥೆಯಲ್ಲಿ ನಾಯಿ ಪತ್ತೇದಾರನೂ ಅಲ್ಲ, ಏನೂ ಮಾಡುವುದೂ ಇಲ್ಲ. ರಾತ್ರಿ ಲಾಯದಿಂದ ಕುದುರೆಯನ್ನು ಹೊರಗೆ ಕರೆದೊಯ್ದರೂ ಅದು ಬೊಗಳಲಿಲ್ಲ ಅಷ್ಟೇ. ಅಂದರೆ ಬಂದವನು ಅದಕ್ಕೆ ಗುರುತಿದ್ದವನು. ಅಪರಿಚಿತರನ್ನು ಕಂಡರೆ ನಾಯಿ ಬೊಗಳುತ್ತದೆ ಅಂತ ಯಾವ ಮಗುವಿಗೆ ಗೊತ್ತಿಲ್ಲ ಹೇಳಿ? ಕಥೆಯ ಪತ್ತೇದಾರ ಷರ್ಲಾಕ್ ಹೋಮ್ಸ್‌ಗೆ ಸಿಕ್ಕಿದ್ದಷ್ಟೂ ಓದುಗನಿಗೂ ಸಿಕ್ಕಿದೆ.

ಟೊಪ್ಪಿ, ಕೋಟು, ಭೂತಗನ್ನಡಿ ದಯವಿಟ್ಟು ಬೇಡ. ಅವನ್ನೆಲ್ಲ ತೊಡಿಸಿದ ಮೇಲೆ ಅದು ಪ್ರಾಣಿಯ ವೇಷ ಹಾಕಿದ ಮನುಷ್ಯ ಆಗಿಬಿಡುತ್ತದೆ. ಮುಂಗುಸಿ ಮೊಟ್ಟೆ ತಿನ್ನುವುದು ತಪ್ಪಾ ಅನ್ನುವ ಪ್ರಶ್ನೆಯೂ ಬಂದೇ ಬರುತ್ತದೆ. ನಿಮ್ಮ ಕಾಡಿನಲ್ಲಿ ಯಾರು ಯಾರನ್ನು ತಿನ್ನಬಹುದು ಅಂತ ಮೊದಲೇ ತೀರ್ಮಾನಿಸಿಕೊಳ್ಳಿ.

ಕೊಲೆ ಇಲ್ಲದಿದ್ದರೆ ಮಕ್ಕಳಿಗೆ ಸಪ್ಪೆ ಅನಿಸುತ್ತದಾ ಅಂತಲೂ ಕೇಳಿದ್ದೀರಿ. ಖಂಡಿತ ಇಲ್ಲ. ತನಗೆ ಇಷ್ಟವಾದ ವಸ್ತು ಕಳೆದುಹೋಗುವುದು ಮಗುವಿಗೆ ಸಾಕಷ್ಟು ದೊಡ್ಡ ಸಂಗತಿ.

ಬರೆದಾದ ಮೇಲೆ ಕೊನೆಯ ಅಧ್ಯಾಯಕ್ಕೆ ಮುಂಚೆ ಓದು ನಿಲ್ಲಿಸಿ, ಕಳ್ಳ ಯಾರು ಅಂತ ಮಕ್ಕಳನ್ನು ಕೇಳಿ. ಹೆಸರು ಹೇಳಿದರೆ ಸಾಲದು, ಕಾರಣವನ್ನೂ ಕೇಳಿ. ಎಲ್ಲರೂ ಸರಿ ಹೇಳಿದರೆ ಸುಳಿವನ್ನು ಇನ್ನಷ್ಟು ಮರೆ ಮಾಡಿ. ಒಬ್ಬರೂ ಹೇಳದಿದ್ದರೆ ನನ್ನ ಹಾಗೆ ನೀವೂ ಏನನ್ನೋ ಬಚ್ಚಿಟ್ಟಿದ್ದೀರಿ.

ನಿಮ್ಮ ಕಥೆಯಲ್ಲಿ ಏನು ಕಳವಾಗಿದೆ ಅಂತ ನೀವು ಬರೆದೇ ಇಲ್ಲ. ಅದನ್ನು ಹೇಳಿ. ನಾಯಿಯೋ ಬೆಕ್ಕೋ ಗೂಬೆಯೋ ಅಂತ ಆಮೇಲೆ ಇಬ್ಬರೂ ಕೂಡಿ ಯೋಚಿಸೋಣ.