ನಾಲ್ಕು ವರ್ಷದ ಮಗಳು ರಾತ್ರಿ ಬೆಚ್ಚಿ ಏಳುತ್ತಾಳೆ
ನಿಮ್ಮ ಮಗಳು ಹೀಗೆ ಬೆಚ್ಚಿ ಏಳುವುದು ಕಾರ್ಟೂನಿನಿಂದಲಾ ಎಂದು ಕೇಳಿದ್ದೀರಿ. ಕಾರ್ಟೂನ್ ಅಲ್ಲ, ಅಜ್ಜಿ ಜೊತೆ ನೋಡುವ ಸಂಜೆ ಸೀರಿಯಲ್ಲೇ ಕಾರಣ ಇರಬೇಕು. ವಿಷ ಹಾಕುವ ಅತ್ತೆ, ದೆವ್ವ, ಮೇಲೆ ಆ ಧಡಾರ್ ಸದ್ದು. ನನ್ನ ಮಗ ಹಾಲಿನ ಲೋಟ ಮೂಸಿ ನೋಡಿಯೇ ಕುಡಿಯುತ್ತಿದ್ದ!

ಮೊದಲು ಅಜ್ಜಿ ಹತ್ತಿರ ಮಾತಾಡಿ, ಆದರೆ ತಪ್ಪು ಹೊರಿಸಬೇಡಿ. ನೀವು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಎಂಟಕ್ಕೆ ಮನೆ ಸೇರುವ ತನಕ ಮಗು ನೋಡಿಕೊಳ್ಳುವವರು ಅವರೇ ಅಲ್ವಾ? ಮಗು ಮಲಗಿದ ಮೇಲೆ ಸೀರಿಯಲ್ಲನ್ನು ಮೊಬೈಲಿನಲ್ಲಿ ಹಾಕಿಕೊಡಿ. ಆಮೇಲೆ ಸೆಟ್‌ಟಾಪ್ ಬಾಕ್ಸಿನ ಸೆಟ್ಟಿಂಗ್ಸಿನಲ್ಲಿ ಪೇರೆಂಟಲ್ ಲಾಕ್ ಹುಡುಕಿ, ಆ ಚಾನೆಲ್‌ಗೆ ಪಿನ್ ಹಾಕಿ. 0000, 1234 ಬೇಡ. ದಿನಕ್ಕೆ ಒಟ್ಟು 1 ಗಂಟೆ ಟಿವಿ ಸಾಕು. ಈ ವಯಸ್ಸಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಮಿತಿಯೂ ಅದೇ.

ಬೇರೆ ಕಾರಣವೂ ಇರಬಹುದು. ಎರಡು ವಾರದಲ್ಲಿ ಕಡಿಮೆ ಆಗದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.