ಕಾರ್ಖಾನೆಯಿಂದ ರಿಗ್‌ಗೆ: ಬೋಸಿಯೆಟ್ ಮೊದಲೋ, ಕಾಂಪೆಕ್ಸ್ ಮೊದಲೋ?

ಉಕ್ಕಿನ ಕಾರ್ಖಾನೆಯಲ್ಲಿ 11 ವರ್ಷ ಮೋಟರ್, ಪ್ಯಾನೆಲ್ ನೋಡಿಕೊಂಡಿದ್ದೀರಿ. ಮುಂಬೈ ಹೈ ಅಥವಾ ಗಲ್ಫ್‌ನಲ್ಲಿ ಸಮುದ್ರದ ತೈಲ ರಿಗ್ ಸೇರಲು ಬೋಸಿಯೆಟ್ ಮಾಡಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮೊದಲು ಕಾಂಪೆಕ್ಸ್ ಮಾಡಿ; ಅದು ಸಿಡಿಯಬಲ್ಲ ಗ್ಯಾಸ್ ಇರುವ ಜಾಗದಲ್ಲಿ ವಿದ್ಯುತ್ ಕೆಲಸ ಮಾಡುವವರ ಅರ್ಹತಾ ಪರೀಕ್ಷೆ. ಬೋಸಿಯೆಟ್ ಅಂದರೆ ಮೂರು ದಿನದ ಸುರಕ್ಷತಾ ತರಬೇತಿ: ನೀರಲ್ಲಿ ಮಗುಚಿದ ಹೆಲಿಕಾಪ್ಟರ್‌ನಿಂದ ಹೊರಬರುವುದು, ಬೆಂಕಿ ಆರಿಸುವುದು. ರಿಗ್‌ನ ಅಡುಗೆಯವರಿಗೂ ಅದು ಬೇಕು, ನಾಲ್ಕೇ ವರ್ಷ ಊರ್ಜಿತ. ಕೆಲಸ ಕುದುರುವ ಹೊತ್ತಿಗೆ ಮಾಡಿದರೆ ಸಾಕು.

ನಿಮ್ಮನ್ನು ಎಲೆಕ್ಟ್ರಿಷಿಯನ್ ಆಗಿ ಗುರುತಿಸುವುದು ಕಾಂಪೆಕ್ಸ್‌ನ ಇಎಕ್ಸ್01ರಿಂದ 04ರವರೆಗಿನ ಘಟಕಗಳು. ಅನುಭವಸ್ಥರು ಎಡವುವುದೂ ಇಲ್ಲೇ. ಫ್ಲೇಮ್‌ಪ್ರೂಫ್ ಪೆಟ್ಟಿಗೆಯ ಮುಚ್ಚಳದಲ್ಲಿ ಒಂದು ಬೋಲ್ಟ್ ಇಲ್ಲದಿದ್ದರೂ, ಮುಚ್ಚಳ ಕೂರುವ ನುಣುಪು ಅಂಚಿಗೆ ಬಣ್ಣ ಮೆತ್ತಿದ್ದರೂ ಅದು ಫೇಲ್. ಒಳಗೆ ಗ್ಯಾಸ್ ಸಿಡಿದರೆ ಆ ಕೂದಲೆಳೆಯ ಸಂದಿಯಲ್ಲೇ ಜ್ವಾಲೆ ತಣಿದು ನಂದಬೇಕು. ನೀರು ನುಗ್ಗದಿರಲಿ ಎಂದು ಅಲ್ಲಿ ಸಿಲಿಕೋನ್ ಬಳಿಯುವ ಕಾರ್ಖಾನೆ ಅಭ್ಯಾಸ ಬಿಟ್ಟುಬಿಡಿ.

ಇನ್ನೊಂದು: ರಿಗ್‌ಗಳಲ್ಲಿ ಸಾಮಾನ್ಯವಾಗಿ ನ್ಯೂಟ್ರಲ್‌ಗೆ ಅರ್ಥಿಂಗ್ ಇರದು. ಮೊದಲ ಅರ್ಥ್ ಫಾಲ್ಟ್‌ಗೆ (ಒಂದು ಫೇಸ್ ಲೋಹದ ಮೈಗೆ ತಾಗಿದಾಗ) ಬ್ರೇಕರ್ ಟ್ರಿಪ್ ಆಗುವುದಿಲ್ಲ, ಇನ್ಸುಲೇಶನ್ ಮಾನಿಟರ್ ಮಾತ್ರ ಎಚ್ಚರಿಸುತ್ತದೆ. ಬೇರೆ ಫೇಸ್‌ನಲ್ಲಿ ಎರಡನೆಯದು ಬಂದರೆ ನೇರ ಶಾರ್ಟ್. ಸಂದರ್ಶನಕ್ಕೆ ಇದನ್ನು ಚೆನ್ನಾಗಿ ಓದಿಕೊಳ್ಳಿ.

ಬಯೋಡೇಟಾದಲ್ಲಿ ಬರೀ ‘ಮೇಂಟೆನೆನ್ಸ್’ ಎನ್ನಬೇಡಿ. ವಿಎಫ್‌ಡಿ (ಮೋಟರ್ ವೇಗ ನಿಯಂತ್ರಕ), ಡಿಸಿ ಡ್ರೈವ್, ಜನರೇಟರ್ ಸಿಂಕ್ರೊನೈಸಿಂಗ್ ಕೆಲಸವನ್ನು ಕಿಲೋವ್ಯಾಟ್ ಸಮೇತ ಬರೆಯಿರಿ. ಗಲ್ಫ್‌ಗಾದರೆ ಏಜೆಂಟರ ನೋಂದಣಿಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವರು ಕೇಳಬಹುದಾದ ಶುಲ್ಕ ಗರಿಷ್ಠ ₹30,000 ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ ಒಂದು ಪೈಸೆಯನ್ನೂ ಕೊಡಬೇಡಿ.